ಅಜ್ಜ–ಅಜ್ಜಿ ತರಗತಿಗೆ ಬಂದಾಗ ಅವರಿಗೊಂದು ಕೆಲಸ ಇರಲಿ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಅಜ್ಜ–ಅಜ್ಜಿಯರನ್ನು ಶಾಲೆಗೆ ಕರೆಯಬೇಕು ಅನ್ನುವುದಕ್ಕೆ ಇಲ್ಲಿ ಯಾರ ತಕರಾರೂ ಇರಲಾರದು. ಕರೆದ ಮೇಲೆ ಅವರನ್ನು ಎಲ್ಲಿ ಕೂರಿಸುತ್ತೇವೆ, ಏನು ಮಾಡಿಸುತ್ತೇವೆ ಅನ್ನುವಲ್ಲಿ ನಾವು ಎಡವುತ್ತೇವೆ. ಸಾಮಾನ್ಯವಾಗಿ ಆಗುವುದು ಹೀಗೆ: ವರ್ಷಕ್ಕೊಂದು ದಿನ, ಸಾಲು ಕುರ್ಚಿ, ಮಕ್ಕಳ ಹಾಡು, ಒಂದೆರಡು ಭಾಷಣ, ಕೊನೆಗೆ ಫೋಟೊ. ಹಿರಿಯರು ಖುಷಿಯಿಂದಲೇ ಮನೆಗೆ ಹೋಗುತ್ತಾರೆ. ಆದರೆ ಆ ದಿನ ಮಗು ಅವರಿಂದ ಏನು ಕಲಿಯಿತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಲಿಯುವುದಕ್ಕೆ ಆ ದಿನ ಜಾಗವನ್ನೇ ಇಟ್ಟಿರಲಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ಹಿರಿಯರಿಗೆ ಪಾಠದೊಳಗೆ ಒಂದು ಕೆಲಸ ಇಟ್ಟು, ಆಮೇಲೆ ಕರೆಯಿರಿ.

ಈ ಬಗೆಯ ಪ್ರಯತ್ನಗಳಲ್ಲಿ ಬಹಳ ಕಾಲ ಬಾಳಿದವನ್ನು ನೋಡಿ. ಹಿರಿಯರನ್ನು ಮಕ್ಕಳ ನೆರವಿಗೆ ಹಚ್ಚುವ ಅಮೆರಿಕದ ‘ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್’ ಯೋಜನೆ 1965ರಲ್ಲಿ ಶುರುವಾದದ್ದು. 1990ರ ದಶಕದಲ್ಲಿ ಬಂದ ‘ಎಕ್ಸ್‌ಪೀರಿಯನ್ಸ್ ಕೋರ್’ ಬಾಲ್ಟಿಮೋರ್ ನಗರದಲ್ಲಿ 60 ದಾಟಿದವರಿಗೆ ಮೊದಲು ತರಬೇತಿ ಕೊಟ್ಟು, ಆಮೇಲೆ ಶಿಶುವಿಹಾರದಿಂದ ಮೂರನೇ ತರಗತಿವರೆಗಿನ ಮಕ್ಕಳ ಜೊತೆ ವಾರಕ್ಕೆ ಕನಿಷ್ಠ 15 ಗಂಟೆ ಕೆಲಸಕ್ಕೆ ಹಚ್ಚಿತು. ಅಷ್ಟು ಗಂಟೆ ನಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಎರಡು: ಬರುವವರಿಗೆ ಮುಂಚೆಯೇ ಹೇಳಿಕೊಟ್ಟಿರಬೇಕು, ಮತ್ತೆ ಮತ್ತೆ ಅದೇ ಮುಖಗಳು ಬರಬೇಕು. ಒಂದೇ ದಿನ 60 ಜನರನ್ನು ಸೇರಿಸುವ ಬದಲು ನಾಲ್ಕೈದು ಜನರನ್ನು ಹದಿನೈದು ದಿನಕ್ಕೊಮ್ಮೆ, 45 ನಿಮಿಷಕ್ಕೆ, ಒಟ್ಟು ನಾಲ್ಕು ಸಲ ಕರೆಯಿರಿ. ಮೊದಲ ಸಲ ಮಕ್ಕಳಿಗೂ ಸಂಕೋಚ, ಹಿರಿಯರಿಗೂ ಸಂಕೋಚ. ನಿಜವಾದ ಕೆಲಸ ಶುರುವಾಗುವುದು ಎರಡನೆಯ ಭೇಟಿಯಿಂದ. ವರ್ಷಕ್ಕೊಂದು ದಿನದ ಕಾರ್ಯಕ್ರಮಕ್ಕೆ ಆ ಎರಡನೆಯ ಭೇಟಿಯೇ ಇಲ್ಲ.

ಮೊದಲು ಪಾಠ ಆರಿಸಿ. ಯಾವ ಪಾಠದಲ್ಲಿ ಪುಸ್ತಕಕ್ಕಿಂತ ಹಿರಿಯರ ಬಳಿ ಹೆಚ್ಚು ಇದೆಯೋ ಅದು ನಿಮ್ಮ ಪಾಠ. ಒಂದನ್ನು ಬಿಡಿಸಿ ತೋರಿಸುತ್ತೇನೆ.

ಮೂರನೇ ತರಗತಿಗೆ ಕಾಲರೇಖೆ. 10 ಸೆಂಟಿಮೀಟರ್ ಅಗಲ, 160 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಬೇಕು. ಹಾಳೆಗಳನ್ನು ಅಂಟಿಸಿಕೊಂಡರೂ ಸಾಕು. ಒಂದು ವರ್ಷಕ್ಕೆ 2 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರಲ್ಲಿ 80 ವರ್ಷ ಹಿಡಿಯುತ್ತದೆ. 68 ವರ್ಷದ ಅಜ್ಜಿಯ ಪಟ್ಟಿ 136 ಸೆಂಟಿಮೀಟರ್ ಆದರೆ ಎಂಟು ವರ್ಷದ ಮಗುವಿನದು ಬರೀ 16. ಮಕ್ಕಳು ಇದನ್ನು ನೆಲದ ಮೇಲೆ ಹಾಸಿ ನೋಡಿದಾಗ ಸುಮ್ಮನೆ ಬಾಯಲ್ಲಿ ‘ತುಂಬ ಹಿಂದೆ’ ಅನ್ನುತ್ತಿದ್ದದ್ದಕ್ಕೆ ಒಂದು ಉದ್ದ ಬರುತ್ತದೆ.

ಇಲ್ಲಿ ಎರಡು ಕಡೆ ತಪ್ಪಾಗುತ್ತದೆ. ಮಕ್ಕಳು ಗೆರೆಗಳನ್ನು ಎಣಿಸುತ್ತಾರೆ, ಗೆರೆಗಳ ನಡುವಿನ ಜಾಗವನ್ನು ಎಣಿಸುವುದಿಲ್ಲ; ಹಾಗಾಗಿ ಪಟ್ಟಿ ಒಂದು ವರ್ಷ ಗಿಡ್ಡವಾಗಿಬಿಡುತ್ತದೆ. ಹುಟ್ಟಿದ ದಿನದ ಗೆರೆಗೆ ಸೊನ್ನೆ ಎಂದು ಬರೆಸಿ, ಎಣಿಕೆ ಅದರ ಮುಂದಿನ ಗೆರೆಯಿಂದ ಶುರುವಾಗಲಿ. ಎರಡನೆಯದು ಇನ್ನೂ ದೊಡ್ಡ ತಪ್ಪು: ಮಕ್ಕಳು ಎರಡೂ ಪಟ್ಟಿಗಳ ಎಡತುದಿಗಳನ್ನು ಜೋಡಿಸಿಬಿಡುತ್ತಾರೆ. ಆಗ ಅಜ್ಜಿಯೂ ಮೊಮ್ಮಗಳೂ ಒಂದೇ ವರ್ಷ ಹುಟ್ಟಿದಂತೆ ಕಾಣುತ್ತದೆ. ಬಲತುದಿಗಳನ್ನು, ಅಂದರೆ ಈ ವರ್ಷವನ್ನು, ಜೋಡಿಸಬೇಕು. ಅದನ್ನು ನೀವೇ ಹೇಳಿಬಿಡಬೇಡಿ. ‘ಅಜ್ಜಿ ಹುಟ್ಟಿದಾಗ ನೀನು ಎಲ್ಲಿದ್ದೆ?’ ಎಂದು ಅಜ್ಜಿಯೇ ಕೇಳಲಿ. ಮಗು ತಾನಾಗಿ ಪಟ್ಟಿಯನ್ನು ಬಲಕ್ಕೆ ಸರಿಸುತ್ತದೆ.

ಪಟ್ಟಿಯ ಮೇಲೆ ನಾಲ್ಕೇ ಸಂಗತಿ ಸಾಕು: ಶಾಲೆಗೆ ಸೇರಿದ್ದು ಅಥವಾ ಬಿಟ್ಟದ್ದು, ಮನೆ ಬದಲಾಯಿಸಿದ್ದು, ಮೊದಲ ಕೆಲಸ, ಮನೆಗೆ ಮೊದಲ ಸಲ ಬಂದ ಯಾವುದೋ ಯಂತ್ರ. ಇಸವಿ ನೆನಪಾಗದಿದ್ದರೆ ಒತ್ತಾಯ ಬೇಡ. ‘ನಿಮ್ಮ ತಮ್ಮ ಹುಟ್ಟುವ ಮೊದಲೋ ಆಮೇಲೋ?’ ಎಂದು ಕೇಳುವುದನ್ನು ಮಕ್ಕಳಿಗೆ ಹೇಳಿಕೊಡಿ. ಉತ್ತರ ಎರಡು ಮೂರು ವರ್ಷಗಳ ನಡುವೆ ಓಲಾಡಿದರೆ ಅಷ್ಟು ಜಾಗಕ್ಕೆ ಪೆನ್ಸಿಲ್ಲಿನಲ್ಲಿ ತೆಳುವಾಗಿ ಬಣ್ಣ ತುಂಬಿಸಿ. ಖಚಿತವಾಗಿ ಗೊತ್ತಿರುವುದಕ್ಕೆ ಗೆರೆ, ಅಂದಾಜಿಗೆ ಬಣ್ಣದ ಪಟ್ಟೆ. ಇತಿಹಾಸ ಬರೆಯುವವರು ಮಾಡುವುದೂ ಇದೇ ಕೆಲಸ. ಎಂಟು ವರ್ಷದ ಮಗುವಿಗೆ ಅದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗಂತೂ ಕಾಣದು.

ಇನ್ನು ಲೆಕ್ಕ. ಹಿರಿಯರು ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸಲಿ ಎಂದು ಬಿಟ್ಟರೆ ಗೊಂದಲ ಹುಟ್ಟುವುದು ದಶಕ ಬಿಡಿಸಿ, ಅಂದರೆ ಒಂದು ಹತ್ತನ್ನು ಹತ್ತು ಬಿಡಿ ಮಾಡಿಕೊಂಡು, ಕಳೆಯುವಲ್ಲಿ. 52ರಲ್ಲಿ 27 ಕಳೆಯಬೇಕು ಅನ್ನಿ. ಮಗು ಮೇಲಿನ 5 ಹೊಡೆದು 4 ಬರೆಯುತ್ತದೆ; 12ರಲ್ಲಿ 7 ಹೋದರೆ 5, 4ರಲ್ಲಿ 2 ಹೋದರೆ 2. ಉತ್ತರ 25. ಪಕ್ಕದಲ್ಲಿ ಕೂತ ಅಜ್ಜ ಮೇಲಿನ 5ನ್ನು ಮುಟ್ಟುವುದೇ ಇಲ್ಲ. 12ರಲ್ಲಿ 7 ಹೋದರೆ 5 ಎಂದು ಬರೆದು, ಕೆಳಗಿನ 2ಕ್ಕೆ ಒಂದು ಸೇರಿಸಿ 3 ಮಾಡಿಕೊಂಡು, 5ರಲ್ಲಿ 3 ಹೋದರೆ 2 ಅನ್ನುತ್ತಾರೆ. ಅವರದೂ 25. ಹಿಂದಿನ ತಲೆಮಾರಿನಲ್ಲಿ ಈ ಎರಡನೆಯ ಕ್ರಮದಲ್ಲಿ ಕಲಿತವರು ಬಹಳ ಜನ ಇದ್ದಾರೆ. ‘ನಮ್ಮ ಟೀಚರ್ ಹೀಗೆ ಹೇಳಿಕೊಟ್ಟಿಲ್ಲ’ ಅನ್ನುತ್ತದೆ ಮಗು. ‘ನಮ್ಮ ಕಾಲದಲ್ಲಿ ಹೀಗೇ’ ಅನ್ನುತ್ತಾರೆ ಅಜ್ಜ. ಇಬ್ಬರನ್ನೂ ಒಪ್ಪಿಸಲು ಹೋಗಿ ಮಗು ಮೇಲಿನ 5ನ್ನು 4 ಮಾಡುತ್ತದೆ, ಕೆಳಗಿನ 2ನ್ನೂ 3 ಮಾಡುತ್ತದೆ, ಉತ್ತರ 15 ಬರುತ್ತದೆ. ಹಿರಿಯರು ಬಂದ ಮರುವಾರ ಪುಸ್ತಕದಲ್ಲಿ ಇಂಥ ಹತ್ತು ಕಡಿಮೆಯ ಉತ್ತರಗಳು ಕಂಡರೆ ಕಾರಣ ಇದೇ ಇರಬಹುದು.

ಅಜ್ಜನಿಗೆ ‘ನಿಮ್ಮ ಕ್ರಮ ಬೇಡ’ ಅನ್ನುವುದು ತಪ್ಪು. ಅವರ ಕ್ರಮ ಯಾಕೆ ಸರಿ ಎಂದು ತರಗತಿ ಹುಡುಕಲಿ. ತಾಯಿಗೆ 52, ಮಗಳಿಗೆ 27 ಅನ್ನಿ, ಅಂತರ 25. ಇನ್ನು ಹತ್ತು ವರ್ಷ ಕಳೆದರೆ ತಾಯಿಗೆ 62, ಮಗಳಿಗೆ 37. ಅಂತರ ಆಗಲೂ 25. ಮೇಲೆ ಹತ್ತು ಬಿಡಿ ಸೇರಿಸಿ, ಕೆಳಗೆ ಒಂದು ದಶಕ ಸೇರಿಸಿದಾಗ ಅಜ್ಜ ಮಾಡಿದ್ದು ಅದನ್ನೇ. ಇದು ಹೊಳೆದಾಗ ಮಕ್ಕಳ ಮುಖ ನೋಡಬೇಕು. ಹಿರಿಯರ ಮುಖವನ್ನೂ ನೋಡಬೇಕು, ಯಾಕೆಂದರೆ ಜೀವನವಿಡೀ ಮಾಡಿಕೊಂಡು ಬಂದ ಲೆಕ್ಕಕ್ಕೆ ಕಾರಣ ಅವರಿಗೂ ಅವತ್ತೇ ಸಿಕ್ಕಿರುತ್ತದೆ. ಆದರೆ ಒಂದು ಎಚ್ಚರಿಕೆ: ದಶಕ ಬಿಡಿಸುವುದು ಇನ್ನೂ ಕೈಗೆ ಕೂತಿರದ ತರಗತಿಯಲ್ಲಿ ಈ ಪಾಠಕ್ಕೆ ಕೈ ಹಾಕಬೇಡಿ. ಒಂದು ಕ್ರಮ ಗಟ್ಟಿಯಾದ ಮೇಲೆ ಎರಡನೆಯದು.

ಓದಿಸುವ ಕೆಲಸಕ್ಕೆ ಹಿರಿಯರಷ್ಟು ತಾಳ್ಮೆಯವರು ಸಿಗುವುದಿಲ್ಲ ಅನ್ನುತ್ತಾರೆ. ತಾಳ್ಮೆ ಇದೆ, ಆದರೆ ಪ್ರೀತಿ ಅದಕ್ಕಿಂತ ಹೆಚ್ಚಿರುವುದರಿಂದ ಮಗು ತಡವರಿಸಿದ ಕೂಡಲೇ ಪದವನ್ನು ಬಾಯಿಗೆ ಹಾಕಿಬಿಡುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಮಾತುಕತೆಯನ್ನು ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡಿಗಿಂತ ಹೆಚ್ಚು ಕಾದಲ್ಲಿ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ತರಬೇತಿ ಪಡೆದ ಶಿಕ್ಷಕರ ಕತೆಯೇ ಹೀಗಿದ್ದರೆ ಅಜ್ಜಿಯರನ್ನು ದೂರುವ ಹಾಗಿಲ್ಲ. ಅವರಿಗೆ ಮೂರೇ ಮಾತು ಹೇಳಿ: ಮಗು ನಿಂತಾಗ ಮನಸ್ಸಿನಲ್ಲಿ ಐದು ಎಣಿಸಿ. ತಪ್ಪು ಓದಿದರೆ ವಾಕ್ಯ ಮುಗಿಯುವವರೆಗೆ ಬಿಡಿ, ಅರ್ಥ ಕೆಟ್ಟದ್ದು ಗೊತ್ತಾಗಿ ಮಗುವೇ ಎಷ್ಟೋ ಸಲ ಹಿಂದಕ್ಕೆ ಹೋಗುತ್ತದೆ. ಪುಟ ಮುಗಿದಾಗ ‘ಆಮೇಲೆ ಏನಾಗಬಹುದು ಪುಟ್ಟಾ?’ ಎಂದು ಕೇಳಿ. ನಾಲ್ಕನೆಯದು ಹೇಳಬೇಡಿ, ನೆನಪಿರುವುದಿಲ್ಲ.

ಓದಲು ಬಾರದ ಹಿರಿಯರಿರುತ್ತಾರೆ. ಇದು ಗೊತ್ತಾಗುವುದು ಮಕ್ಕಳೆದುರು ಪುಸ್ತಕ ಕೈಗೆ ಕೊಟ್ಟ ಮೇಲಾದರೆ ಅವರು ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಯಾವ ಹಿರಿಯರಿಗೂ ಗಟ್ಟಿಯಾಗಿ ಓದುವ ಕೆಲಸ ಕೊಡಬೇಡಿ. ಓದುವುದು ಮಗುವಿನ ಪಾಲು, ಕೇಳುವುದು ಕೇಳಿಸಿಕೊಳ್ಳುವುದು ಹಿರಿಯರ ಪಾಲು. ಎಲ್ಲರಿಗೂ ಒಂದೇ ನಿಯಮ ಇದ್ದಾಗ ಯಾರಿಗೂ ಮುಜುಗರವಿಲ್ಲ. ಅಕ್ಷರವಿಲ್ಲದ ಚಿತ್ರಪುಸ್ತಕ ಇದಕ್ಕೆ ಬಹಳ ಒಳ್ಳೆಯದು. ಹಿರಿಯರು ಹೇಳಿದ ಕತೆಯನ್ನು ಮಗು ಬರೆದುಕೊಂಡು ಅವರಿಗೇ ಓದಿ ಹೇಳುವುದು ಇನ್ನೂ ಒಳ್ಳೆಯದು. ಸೂಚನೆಗಳನ್ನೂ ಬಾಯಲ್ಲೇ ಹೇಳಿ, ಬರೆದ ಚೀಟಿ ಜೊತೆಗಿರಲಿ. ಮನೆಮಾತು ಬೇರೆಯಾಗಿದ್ದರೆ ಅವರ ಮಾತಿನಲ್ಲೇ ಹೇಳಲಿ, ಗೊತ್ತಿರುವ ಮಗು ಉಳಿದವರಿಗೆ ತಿಳಿಸಲಿ.

ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಒಂದು ವಾರ ಮೊದಲೇ ಕಲಿಸಬೇಕು. ಹಾಗೇ ಬಿಟ್ಟರೆ ‘ನಿಮಗೆ ಏನು ಇಷ್ಟ?’, ‘ನಿಮ್ಮ ಶಾಲೆ ದೂರ ಇತ್ತಾ?’ ಇಂಥವು ಬರುತ್ತವೆ. ಒಂದು ಪದದ ಉತ್ತರ, ಮತ್ತೆ ಮೌನ. ‘ಮನೆ ಬಿಟ್ಟಲ್ಲಿಂದ ತರಗತಿಯಲ್ಲಿ ಕೂತುಕೊಳ್ಳುವವರೆಗೆ ಏನೇನಾಗುತ್ತಿತ್ತು ಹೇಳಿ ಅಜ್ಜಿ’ ಅಂದರೆ ಹತ್ತು ನಿಮಿಷದ ಮಾತು ಹೊರಡುತ್ತದೆ. ಪ್ರಶ್ನೆಗಳ ಉದ್ದ ಪಟ್ಟಿ ಬೇಡ. ಪಟ್ಟಿ ಇದ್ದರೆ ಮಗು ಉತ್ತರ ಕೇಳಿಸಿಕೊಳ್ಳದೆ ಮುಂದಿನ ಪ್ರಶ್ನೆಗೆ ಕಾಯುತ್ತಿರುತ್ತದೆ. ಮಗುವಿಗೊಂದು ಪ್ರಶ್ನೆ, ಜೊತೆಗೆ ‘ಆಮೇಲೆ?’ ಮತ್ತು ‘ಅದು ನೋಡಕ್ಕೆ ಹೇಗಿತ್ತು?’ ಇಷ್ಟು ಸಾಕು. ಕೈಯಲ್ಲಿ ಒಂದು ವಸ್ತು ಇದ್ದರೆ ಮಾತು ಇನ್ನೂ ಸಲೀಸು. ಹಳೆಯ ಕನ್ನಡಕ, ಬೀಗದ ಕೈ, ಕಾಗದ, ಏನಾದರೂ ಸರಿ. ವಯಸ್ಸಾದವರ ನೆನಪನ್ನು ಅಧ್ಯಯನ ಮಾಡಿದವರು ಗಮನಿಸಿರುವುದೆಂದರೆ, ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಉಳಿದ ಕಾಲದವಕ್ಕಿಂತ ಹೆಚ್ಚಾಗಿ ಎದ್ದುಬರುತ್ತವೆ. ಹಾಗಾಗಿ ತೀರಾ ಚಿಕ್ಕಂದಿನದನ್ನೇ ಹಿಡಿದು ಎಳೆಯಬೇಡಿ, ಮೊದಲ ಕೆಲಸದ ದಿನವನ್ನು ಕೇಳಿ ನೋಡಿ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು: ನಿನ್ನ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಹೀಗೆ. ಮನೆಯ ಕತೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆಯೂ ಹೆಚ್ಚಿತ್ತು. ಇದನ್ನು ಓದಿದ ಕೆಲವರು ಇಪ್ಪತ್ತೂ ಉತ್ತರಗಳನ್ನು ಬಾಯಿಪಾಠ ಮಾಡಿಸಲು ಹೊರಡುತ್ತಾರೆ. ಆ ಸಂಶೋಧಕರೇ ಹೇಳಿದ್ದಾರೆ, ಉತ್ತರ ಗೊತ್ತಿರುವುದೇ ಕಾರಣವಲ್ಲ. ಆ ಕತೆಗಳು ಮಗುವಿಗೆ ತಲುಪಿದ ಬಗೆ, ಅಂದರೆ ಮನೆಮಂದಿ ಒಟ್ಟಿಗೆ ಕೂತು ಮಾತಾಡಿದ ಹೊತ್ತುಗಳು, ಅದರ ಹಿಂದಿವೆ. ತರಗತಿಯಲ್ಲೂ ಹೊತ್ತು ಕೊಡುವುದೇ ಮುಖ್ಯ.

ಕೋಣೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಒಳ್ಳೆಯ ಪಾಠಗಳು ಕುರ್ಚಿಯಿಂದ ಕೆಟ್ಟದ್ದಿದೆ. ಮಕ್ಕಳ ಕುರ್ಚಿಯ ಎತ್ತರ 30 ಸೆಂಟಿಮೀಟರಿನ ಆಸುಪಾಸು. ಮಂಡಿನೋವಿನವರು ಅದರಲ್ಲಿ ಕೂರಬಹುದು, ಏಳುವುದು ಕಷ್ಟ. ಸುಮಾರು 45 ಸೆಂಟಿಮೀಟರ್ ಎತ್ತರದ, ಎರಡೂ ಕಡೆ ಕೈ ಇರುವ ಕುರ್ಚಿ ಬೇಕು. ಏಳುವಾಗ ಭಾರ ಹಾಕುವುದು ಆ ಕೈಗಳ ಮೇಲೆ. ಬೆಂಚುಗಳ ನಡುವೆ 90 ಸೆಂಟಿಮೀಟರ್ ದಾರಿ ಬಿಡಿ, ಊರುಗೋಲು, ಗಾಲಿಕುರ್ಚಿ ಎರಡಕ್ಕೂ ಸಾಕಾಗುತ್ತದೆ. ಮಕ್ಕಳ ಚೀಲಗಳು ದಾರಿಯಲ್ಲಿ ಬೇಡ. ನೆಲಮಹಡಿಯ ಕೋಣೆ, ಹತ್ತಿರದಲ್ಲಿ ಶೌಚಾಲಯ. ಅದು ಎಲ್ಲಿದೆ ಎಂದು ಬಂದ ತಕ್ಷಣ ತೋರಿಸಿಬಿಡಿ, ಕೇಳಲು ಸಂಕೋಚಪಡುತ್ತಾರೆ.

ಕಿವಿ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಮೊದಲು ಕುಗ್ಗುವುದು ತೀಕ್ಷ್ಣ ಸ್ವರಗಳನ್ನು ಹಿಡಿಯುವ ಶಕ್ತಿ. ಮಕ್ಕಳ ದನಿಯೇ ತೀಕ್ಷ್ಣ. ಸ, ಶ, ಫ ಮುಂತಾದ ಧ್ವನಿಗಳಂತೂ ಮೊದಲು ಜಾರಿಹೋಗುತ್ತವೆ. ಹಾಗಾಗಿ ಅಜ್ಜನಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಿರುಚಿದರೆ ದನಿ ಇನ್ನಷ್ಟು ತೀಕ್ಷ್ಣವಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಶ್ರವಣಯಂತ್ರ ಹಾಕಿದವರಿಗೆ ಪಕ್ಕದ ಗುಂಪಿನ ಗದ್ದಲವೂ ದೊಡ್ಡದಾಗಿ ಕೇಳುತ್ತದೆ. ಮಕ್ಕಳಿಗೆ ಹೇಳಿಕೊಡಿ: ಎದುರಿಗೆ ಒಂದು ಮೀಟರ್ ಒಳಗೆ ಕೂತು, ಮುಖ ತೋರಿಸಿ, ನಿಧಾನವಾಗಿ, ಒಬ್ಬೊಬ್ಬರೇ ಮಾತಾಡಬೇಕು. ಹಿರಿಯರ ಬೆನ್ನು ಗೋಡೆಗಿರಲಿ, ಬೆಳಕು ಮಕ್ಕಳ ಮುಖದ ಮೇಲಿರಲಿ. ಕಿಟಕಿಗೆ ಬೆನ್ನು ಹಾಕಿ ಕೂತ ಮಗುವಿನ ತುಟಿ ಕಾಣುವುದಿಲ್ಲ. ಒಂದೇ ಕೋಣೆಯಲ್ಲಿ ಐದಕ್ಕಿಂತ ಹೆಚ್ಚು ಗುಂಪು ಮಾಡಿದರೆ ಯಾರಿಗೂ ಏನೂ ಕೇಳದು. ಓದಬೇಕಾದದ್ದಿದ್ದರೆ ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾಗದಿರಲಿ, ಹೊಳೆಯದ ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ. ಅದೇ ಬೆಳಕಿನಲ್ಲಿ ಇಪ್ಪತ್ತರ ಕಣ್ಣಿನೊಳಗೆ ಹೋಗುವಷ್ಟು ಬೆಳಕು ಅರವತ್ತರ ಕಣ್ಣಿನೊಳಗೆ ಹೋಗುವುದಿಲ್ಲ, ಸುಮಾರು ಮೂರರಲ್ಲಿ ಒಂದು ಪಾಲಷ್ಟೇ.

ಅಜ್ಜ–ಅಜ್ಜಿ ಇಲ್ಲದ ಮಕ್ಕಳ ಪಾಡೇನು? ತೀರಿಹೋಗಿರಬಹುದು, ದೂರ ಇರಬಹುದು, ಮನೆಯವರ ನಡುವೆ ಮಾತೇ ಇರದಿರಬಹುದು. ಆಹ್ವಾನದಲ್ಲಿ ‘ನಿಮ್ಮ ಅಜ್ಜ–ಅಜ್ಜಿಯನ್ನು ಕರೆತನ್ನಿ’ ಎಂದು ಬರೆದ ಕ್ಷಣವೇ ಆ ಮಗು ಹೊರಗುಳಿಯುತ್ತದೆ. ಒಬ್ಬ ಹಿರಿಯರಿಗೆ ನಾಲ್ಕು ಮಕ್ಕಳು ಎಂದು ಗುಂಪು ಮಾಡಿದರೆ ಆ ಹಿರಿಯರು ಗುಂಪಿಗೆಲ್ಲ ಅಜ್ಜಿಯೇ. ನೆರೆಮನೆಯ ಹಿರಿಯರು, ದೊಡ್ಡಮ್ಮ, ನಿವೃತ್ತ ಶಿಕ್ಷಕರು ಯಾರಾದರೂ ಬರಬಹುದು ಎಂದು ಮೊದಲೇ ಹೇಳಿ. ಸ್ವಂತ ಮೊಮ್ಮಗು ಅದೇ ಗುಂಪಿನಲ್ಲಿ ಇರಬೇಕೋ ಬೇಡವೋ ಎಂಬುದಕ್ಕೆ ನನ್ನ ಅಭಿಪ್ರಾಯ: ನೆನಪು ಹೇಳುವ ಪಾಠದಲ್ಲಿ ಇರಲಿ, ‘ಅದನ್ನೂ ಹೇಳಜ್ಜಿ’ ಎಂದು ಅದು ನೆನಪಿಸುತ್ತದೆ. ಓದು ಮತ್ತು ಲೆಕ್ಕದಲ್ಲಿ ಬೇಡ. ತಮ್ಮ ಮಗು ಎಲ್ಲರೆದುರು ತಪ್ಪಿದರೆ ಹಿರಿಯರಿಗೆ ಸಹಿಸಲಾಗದು, ಗದರಿಬಿಡುತ್ತಾರೆ.

ಕೆಲವು ಪ್ರಶ್ನೆಗಳು ಗಾಯ ಮುಟ್ಟುತ್ತವೆ. ಯುದ್ಧ, ಬಡತನ, ತೀರಿಹೋದ ಮಗು. ಮುಂಚಿತವಾಗಿ ಹಿರಿಯರನ್ನು ಕೇಳಿಕೊಳ್ಳಿ, ‘ಯಾವುದನ್ನು ಮಕ್ಕಳು ಕೇಳದಿದ್ದರೆ ಒಳ್ಳೆಯದು?’ ಎಂದು. ‘ಅದು ಬೇಡ ಮಗು’ ಅನ್ನುವ ಹಕ್ಕು ಅವರಿಗಿದೆ ಎಂದು ಮಕ್ಕಳಿಗೂ ತಿಳಿದಿರಲಿ. ಕಣ್ಣೀರು ಬಂದರೆ ಗಾಬರಿಯಿಂದ ವಿಷಯ ಬದಲಿಸಬೇಡಿ. ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮುಂದುವರಿಸಬೇಕೋ ಎಂದು ಅವರನ್ನೇ ಕೇಳಿ. ಇನ್ನೊಂದು ಬಗೆಯ ತೊಡಕೂ ಇದೆ. ‘ಇದೆಲ್ಲ ಹೆಣ್ಣುಮಕ್ಕಳಿಗೆ ಯಾಕೆ’ ಅನ್ನುವಂಥ ಮಾತು ಬಂದರೆ ಸುಮ್ಮನಿದ್ದುಬಿಡಬಾರದು, ಅವಮಾನವನ್ನೂ ಮಾಡಬಾರದು. ‘ಆಗ ಹಾಗಿತ್ತು. ನಮ್ಮ ತರಗತಿಯಲ್ಲಿ ಎಲ್ಲರೂ ಮಾಡುತ್ತೇವೆ’ ಎಂದು ಮಕ್ಕಳಿಗೆ ಕೇಳುವಂತೆ ಹೇಳಿ ಮುಂದೆ ಹೋಗಿ.

ಭದ್ರತೆ ಸಣ್ಣ ವಿಷಯವಲ್ಲ, ಆದರೆ ನಿಯಮ ಸರಳ. ಬಂದವರ ಹೆಸರು, ಹೊತ್ತು ಪುಸ್ತಕದಲ್ಲಿ ಬರೆಯಿಸಿ, ಗುರುತು ನೋಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ, ಯಾರೇ ಆಗಲಿ. ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದು ಶಾಲೆಯವರ ಕೆಲಸ. ತಿನ್ನಲು ಏನೂ ಹಂಚುವಂತಿಲ್ಲ, ಯಾವ ಮಗುವಿಗೆ ಯಾವುದು ಒಗ್ಗದು ಎಂದು ಅವರಿಗೆ ಗೊತ್ತಿರುವುದಿಲ್ಲ. ಮನೆಯವರ ಒಪ್ಪಿಗೆ ಇಲ್ಲದೆ ಫೋಟೊ ಇಲ್ಲ. ಕಾರ್ಯಕ್ರಮ ಮುಗಿದಾಗ ‘ಮೊಮ್ಮಗುವನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ’ ಅಂದರೆ ಪೋಷಕರ ಲಿಖಿತ ಅನುಮತಿ ಇದೆಯೇ ನೋಡಬೇಕು. ಎಲ್ಲರಿಗೂ ಒಂದೇ ನಿಯಮ ಎಂದು ಮೊದಲ ದಿನವೇ ಹೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನಾವು ಕೈಬಿಡುವುದು ಭೇಟಿಯ ಮರುದಿನವನ್ನು. ಮಕ್ಕಳು ಕೇಳಿದ್ದನ್ನು ಮರುದಿನವೇ ಐದಾರು ವಾಕ್ಯದಲ್ಲಿ ಬರೆಯಬೇಕು. ವಾರ ಬಿಟ್ಟರೆ ‘ಚೆನ್ನಾಗಿತ್ತು’ ಒಂದೇ ಉಳಿಯುತ್ತದೆ. ಮುಂದಿನ ಭೇಟಿಯ ಮೊದಲ ಹತ್ತು ನಿಮಿಷ ಆ ಬರಹವನ್ನು ಹಿರಿಯರೆದುರು ಓದಲಿ, ‘ನಾನು ಬರೆದದ್ದು ಸರಿಯಾ?’ ಎಂದು ಕೇಳಲಿ. ‘ಅಲ್ಲ, ಅದು ಅಣ್ಣ ಅಲ್ಲ, ಚಿಕ್ಕಪ್ಪ’ ಎಂದು ಅವರು ತಿದ್ದುತ್ತಾರೆ, ಮಗು ಅಳಿಸಿ ಬರೆಯುತ್ತದೆ. ಕೆಂಪು ಶಾಯಿಯ ತಿದ್ದುಪಡಿಗೆ ಮುಖ ಸಿಂಡರಿಸುವ ಮಗು ಇದನ್ನು ಸಂತೋಷದಿಂದ ಮಾಡುತ್ತದೆ, ಯಾಕೆಂದರೆ ಇಲ್ಲಿ ತಪ್ಪು ಸರಿಯಾಗುವುದರಿಂದ ಯಾರಿಗೋ ನಿಜವಾಗಿ ಬೇಕಾದದ್ದು ಸಿಗುತ್ತಿದೆ. ನಾಲ್ಕನೆಯ ಭೇಟಿಯಲ್ಲಿ ಪಾತ್ರ ತಿರುಗಲಿ: ಮಕ್ಕಳು ತಮಗೆ ಚೆನ್ನಾಗಿ ಗೊತ್ತಿರುವ ಒಂದನ್ನು, ನಕ್ಷೆ ನೋಡುವುದೋ ಭಿನ್ನರಾಶಿಯೋ, ಹಿರಿಯರಿಗೆ ಕಲಿಸಲಿ.

ಉಪನ್ಯಾಸದ ಕೊನೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು, ಹಿರಿಯರು ನಡುವೆ ಕಾಯಿಲೆ ಬಿದ್ದರೆ, ಅಥವಾ ತೀರಿಕೊಂಡರೆ? ಮಕ್ಕಳಿಗೆ ನಿಜವನ್ನೇ, ಚಿಕ್ಕ ವಾಕ್ಯಗಳಲ್ಲಿ ಹೇಳಬೇಕು. ‘ಊರಿಗೆ ಹೋಗಿದ್ದಾರೆ’, ‘ನಿದ್ದೆ ಹೋಗಿದ್ದಾರೆ’ ಎಂದರೆ ಚಿಕ್ಕ ಮಕ್ಕಳು ಅಕ್ಷರಶಃ ನಂಬಿ ಕಾಯುತ್ತಾರೆ, ಇಲ್ಲವೇ ಮಲಗಲು ಹೆದರುತ್ತಾರೆ. ಮೊದಲು ಮನೆಯವರನ್ನು ಕೇಳಿ, ಆಮೇಲೆ ತರಗತಿಗೆ ಹೇಳಿ. ಸ್ವಂತ ಮೊಮ್ಮಗು ಅಲ್ಲಿದ್ದರೆ ಅದರ ಜೊತೆ ಮುಂಚೆಯೇ ಮಾತಾಡಿ. ಮಕ್ಕಳು ಬರೆದಿಟ್ಟದ್ದನ್ನು ಆ ಮನೆಗೆ ತಲುಪಿಸಿ, ಒಂದು ಪ್ರತಿ ಶಾಲೆಯಲ್ಲಿ ಉಳಿಯಲಿ.

ಎರಡನೆಯದು, ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ? ಐದು ಜನ ಹಿರಿಯರಿಗೆ ನಾಲ್ಕು ನಾಲ್ಕರಂತೆ ಇಪ್ಪತ್ತು ಮಕ್ಕಳು. ಉಳಿದ ಇಪ್ಪತ್ತು ಮಕ್ಕಳನ್ನು ಅವತ್ತೇ ಎರಡನೆಯ ಸುತ್ತಿಗೆ ಕೂರಿಸುವುದು ಸುಲಭ ಅನಿಸಬಹುದು. ಅದು ಬೇಡ. ಒಂದೇ ದಿನ ಅದೇ ಮಾತನ್ನು ಎರಡನೆಯ ಸಲ ಹೇಳುವಾಗ ಹಿರಿಯರು ದಣಿದಿರುತ್ತಾರೆ, ಕತೆ ಅರ್ಧಕ್ಕೆ ಇಳಿದಿರುತ್ತದೆ. ಆ ಇಪ್ಪತ್ತು ಮಕ್ಕಳಿಗೆ ಮುಂದಿನ ವಾರ ಇನ್ನೊಂದು ದಿನ ಇಟ್ಟುಕೊಳ್ಳಿ. ಈ ವಾರ ಅವರು ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಶಿಕ್ಷಕರ ಜೊತೆ ಕಾಲರೇಖೆಯ ಪಟ್ಟಿಗೆ ಗೆರೆ ಹಾಕಿಕೊಳ್ಳಲಿ. ಶಿಕ್ಷಕರು ಒಬ್ಬರೇ ಇದ್ದರೆ ಹಿರಿಯರ ಸಂಖ್ಯೆಯನ್ನು ಮೂರಕ್ಕೆ ಇಳಿಸಿ, ಉಳಿದ ಮಕ್ಕಳಿಗೆ ಸದ್ದಿಲ್ಲದೆ ಮಾಡುವ ಕೆಲಸ ಕೊಟ್ಟು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಕೂರಿಸಿ.